ಹನ್ನೆರಡೂವರೆಯ ಬೆಳಕು

"ಎತ್ತ್ರಿ, ಕುರ್ಚಿ ಸಮೇತ ಎತ್ತ್ರಿ. ಜ್ವಾಕಿ!" ಎಂದು ನಬಿಲಾಲ ಕೂಗಿದ. ನಾಲ್ವರು ಗಂಡಸರು ಗುರಪ್ಪನ ಹೆಣವನ್ನು ಕೂತ ಭಂಗಿಯಲ್ಲೇ ಎತ್ತಿ ಶಾಮಿಯಾನದಿಂದ ಹೊರಗೆ ತಂದರು. ಎಲ್ಲಿ ಇಳಿಸಬೇಕೆಂದು ತಿಳಿಯದೆ ಅಂಗಳದ ನಡುವೆ ನಿಂತರು.

"ನೆಳ್ಳಾಗ ಕುಂದ್ರಿಸಿದ್ದಿವಲ್ಲೋ. ಮತ್ತೆಲ್ಲಿಗೆ ಒಯ್ತಿ?" ಎಂದು ಸತ್ತವನ ಅಕ್ಕ ರೇವವ್ವ ಗದರಿದಳು.

"ಕೆಂಪು ಶಾಮಿಯಾನದ ಬುಡಕ ಕುಂದ್ರಿಸೀರಿ ಯಕ್ಕಾ. ಮಾರಿ ನೋಡ್ರಿ, ಸೆರಿ ಕುಡದವರಗತೆ ಕೆಂಪಗಾಗೈತಿ. ಹುಟ್ಟಿದಾಗಿಂದ ಕೆಂಪು ಶಾಮಿಯಾನಕ್ಕ ಬೈಕೋಂತ ಬಂದ ಮನಶ್ಯಾ. ಈಗ ಎದ್ದು ಬೈದ್ರ?"

"ಬೈಲಿ ಬಿಡೋ. ಎದ್ರ ಸಾಕಾಗೈತಿ," ಎಂದ ರೇವವ್ವ ಸೆರಗನ್ನು ಬಾಯಿಗೊತ್ತಿಕೊಂಡಳು.

ಸಿಂದಗಿಯ ಗುರಪ್ಪ, ದೇವರ ಹಿಪ್ಪರಗಿಯ ನಬಿಲಾಲ ಇಬ್ಬರೂ ಮದುವೆ ಫೋಟೊದವರು. ಒಬ್ಬ ತೆಗೆದದ್ದು ಫೋಟೊವೇ ಅಲ್ಲವೆಂದು ಇನ್ನೊಬ್ಬ ಊರೂರು ಹೇಳಿಕೊಂಡು ತಿರುಗುತ್ತಿದ್ದ. ಒಬ್ಬನ ಕ್ಯಾಮೆರಾ ಕೆಟ್ಟರೆ ಇನ್ನೊಬ್ಬ ತನ್ನದನ್ನು ಕೊಡುತ್ತಿದ್ದ. ಹೀಗಾಗಿ ಸುದ್ದಿ ತಿಳಿದ ಮೇಲೆ ಮೊದಲು ಬಂದವನು ನಬಿಲಾಲನೇ. ಮಣ್ಣಿಗೆ ಒಯ್ಯುವ ಮೊದಲು ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ರುಮಾಲು ಸುತ್ತಿ, ಮನೆಮಂದಿಯೆಲ್ಲ ಸುತ್ತ ನಿಂತು ಒಂದು ಫೋಟೊ ಆಗಬೇಕು. ಗುರಪ್ಪ ಇಂಥವನ್ನು ಎಷ್ಟೋ ತೆಗೆದಿದ್ದ. ಮದುವೆಗಿಂತ ಇದೇ ಸುಲಭ, ನಡುವಿನವರು ಅಲುಗಾಡುವುದಿಲ್ಲ ಎನ್ನುತ್ತಿದ್ದ.

ಕುರ್ಚಿಯನ್ನು ಕೊನೆಗೆ ಬಿಳಿ ಗೋಡೆಯ ನೆರಳಿಗೆ ಇಳಿಸಿದರು. ಮುಖದ ಕೆಂಪು ಹೋಯಿತು. ಗುರಪ್ಪ ಇದ್ದಂತೆಯೇ ಕಂಡ. ಹೆಂಗಸರ ಅಳು ಮತ್ತೆ ಶುರುವಾಯಿತು.

ಸಾವಂತ್ರವ್ವ ಹೊಸ್ತಿಲ ಮೇಲೆ ಕೂತಿದ್ದಳು. ಎಲ್ಲರೂ ಅವಳ ಗಂಡನನ್ನು ನೋಡುತ್ತಿದ್ದರೆ ಅವಳು ಮಗಳು ಕೋಮಲಳ ಕೊರಳನ್ನು ನೋಡುತ್ತಿದ್ದಳು. ಅಲ್ಲಿ ಗುರಪ್ಪನ ಕ್ಯಾಮೆರಾ ನೇತಾಡುತ್ತಿತ್ತು. ಬೆಳಿಗ್ಗೆ ಆಸ್ಪತ್ರೆಯಿಂದ ಹೆಣದ ಜೊತೆಗೇ ಅದನ್ನೂ ಕೊಟ್ಟಿದ್ದರು. ಮನುಷ್ಯ ಕಲ್ಲಿನ ಖಣಿಯ ತಳಕ್ಕೆ ಬಿದ್ದರೂ ಕ್ಯಾಮೆರಾದ ಪಟ್ಟಿ ಮೇಲಿನ ಪೊದೆಗೆ ಸಿಕ್ಕಿಕೊಂಡಿತ್ತಂತೆ. ಒಂದು ಗೀರೂ ಇಲ್ಲ.

"ಎದುರಿಗೇ ಇದ್ದೆಲ್ಲ ಯವ್ವಾ," ಎಂದು ರೇವವ್ವ ತಮ್ಮನ ಹೆಂಡತಿಯ ಹೆಗಲ ಮೇಲೆ ಕೈ ಹಾಕಿ ಪಕ್ಕದಲ್ಲಿ ಕೂತಳು. "ಒಂದ್ ಮಾತ್ ಒದರಿದ್ರ ಆಗ್ತಿತ್ತು."

"ತಿರುಗಿ ನಿಂತಿದ್ನಿ ಯಕ್ಕಾ. ಸೆರಗ ಸರಿ ಮಾಡ್ಕೋಳಾಕತ್ತಿದ್ನಿ. ಸಪ್ಪಳಾತು. ತಿರುಗಿ ನೋಡಿದ್ರ ಇರಲಿಲ್ಲ."

ನಿನ್ನೆ ಮಧ್ಯಾಹ್ನದಿಂದ ಪೊಲೀಸರಿಗೆ, ಡಾಕ್ಟರಿಗೆ, ಓಣಿಯವರಿಗೆ ಹೇಳಿ ಹೇಳಿ ಈ ಮಾತು ಹೊಳೆಯ ಕಲ್ಲಿನಂತೆ ನುಣುಪಾಗಿತ್ತು. ಅದು ಸುಳ್ಳೆಂದು ತಿಳಿದವರು ಇಬ್ಬರು: ಅವಳು ಮತ್ತು ಆ ಕ್ಯಾಮೆರಾ. ಅದರೊಳಗಿನ ಕೊನೆಯ ಫೋಟೊದಲ್ಲಿ ಅವಳು ತಿರುಗಿ ನಿಂತಿರಲಿಲ್ಲ.

"ಕೋಮಲಾ," ಎಂದಳು ಸಾವಂತ್ರವ್ವ, ಎದ್ದು. "ಅದನ್ನ ನಿಮ್ಮಪ್ಪನ ಕೊಳ್ಳಾಗ ಹಾಕು. ಅವನ ಕೂಡ ಮಣ್ಣಾಗ ಹೋಗ್ಲಿ."

"ಮಣ್ಣಾಗ? ಏನಂತೀ ಯವ್ವಾ? ಮಳಿ ಬಂದ್ರ ಅಪ್ಪ ಅಂಗಿ ಬಿಚ್ಚಿ ಇದಕ್ಕ ಹೊದಿಸ್ತಿದ್ದ."

"ಹಾಕಂದ್ನೆಲ್ಲ!"

"ಗಂಡನ ಮ್ಯಾಲ ಜೀವಾ ಅಂದ್ರ ಇದು," ಎಂದು ಗೋಡೆಗೊರಗಿದ್ದ ಮುದುಕನೊಬ್ಬ ತಲೆದೂಗಿದ.

"ವೈನಿ, ಮಣ್ಣಿಗೆ ಹಾಕೂದಿದ್ರ ನನ್ನದು ಹಾಕ್ರಿ," ಎಂದ ನಬಿಲಾಲ. "ಹೆಂಗೂ ಅದು ಅರ್ಧ ಸತ್ತೈತಿ."

ಒಂದಿಬ್ಬರು ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

*

ಗುರಪ್ಪನಿಗೆ ಜೀವನದಲ್ಲಿ ಇದ್ದ ವೈರಿ ಒಬ್ಬನೇ, ಮಧ್ಯಾಹ್ನದ ಹನ್ನೆರಡೂವರೆ. ಊರು ಇಂಡಿಯಾಗಲಿ, ಬಸವನ ಬಾಗೇವಾಡಿಯಾಗಲಿ, ಮನೆತನ ಯಾವುದೇ ಆಗಲಿ, ಅಕ್ಷತೆ ಬೀಳುವುದು ಆ ಹೊತ್ತಿಗೆ. ಸೂರ್ಯ ನೆತ್ತಿಯ ಮೇಲೆ ನಿಂತು ಕಣ್ಣುಗಳನ್ನು ಗುಳಿ ಮಾಡುತ್ತಾನೆ, ಮೂಗಿನ ನೆರಳನ್ನು ತುಟಿಯ ಮೇಲೆ ಇಳಿಸುತ್ತಾನೆ. "ಮದುಮಗಳಿಗೆ ಮೀಸಿ ಬರ್ತಾವ್ರಿ, ಒಂದ್ ನಾಕ್ ತಾಸು ಮುಂದ ಹಾಕ್ರಿ," ಎಂದು ಅವನು ಕೇಳದ ಪುರೋಹಿತರಿಲ್ಲ, ಬೈಸಿಕೊಳ್ಳದ ಮದುವೆಯಿಲ್ಲ. ಬಿಸಿಲು ಬೇಡವೆಂದು ಹಾಲ್ ಒಳಗೆ ಹೋದರೆ ಕಿಟಕಿಯಿಲ್ಲದ ಗೋಡೆ, ಹಸಿರು ಟ್ಯೂಬ್‌ಲೈಟು, ಮದುಮಗನ ತಲೆಯಿಂದಲೇ ಗರಿ ಬಿಚ್ಚಿದಂತೆ ಕಾಣುವ ಥರ್ಮೋಕೋಲಿನ ನವಿಲು.

ಹಾಗಾಗಿ ಅವನು ಮದುವೆಗೆ ಮೊದಲೇ ಜಾಗ ನೋಡಿ ಬರುತ್ತಿದ್ದ. ಅದೇ ಹೊತ್ತಿಗೆ ಹೋಗಿ, ಮದುಮಗಳು ಕೂರುವಲ್ಲಿ ಸಾವಂತ್ರವ್ವನನ್ನು ಕೂರಿಸಿ ಬೆಳಕು ನೋಡುತ್ತಿದ್ದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ಅವಳು ಮದುಮಗಳಾಗಿ ಕೂರದ ಮಂಟಪವಿರಲಿಲ್ಲ.

"ಏನ್ರಿ ಗುರಪ್ಪಣ್ಣಾ, ಇನ್ನೊಮ್ಮಿ ಲಗ್ನಾ?" ಎಂದು ಮಂಟಪದ ಕಾವಲುಗಾರರು ಕೇಳುತ್ತಿದ್ದರು.

"ಹೌದಪಾ. ಹಾಲ್ ಬದಲಿ ಮಾಡೇನಿ, ಹೇಂತಿ ಅಕಿನ್ನೇ ಇಟಗೊಂಡೇನಿ."

ಅವಳಿಗೆ ಇದ್ದದ್ದು ಒಂದೇ ನಿಯಮ. ಅವನು ಕ್ಯಾಮೆರಾ ಎತ್ತಿದ ಮೇಲೆ 'ಆತು' ಎನ್ನುವವರೆಗೆ ಮುಖ ಅಲುಗಾಡಬಾರದು, ಬಾಯಿ ತೆರೆಯಬಾರದು. ಬೆಳಕನ್ನು ಅಳೆಯುವುದು ಅವಳ ಮುಖದಿಂದ, ಅಳತೆಗೋಲು ಮಾತಾಡುವುದಿಲ್ಲ. ಒಮ್ಮೆ ಇಂಡಿಯ ಮಂಟಪವೊಂದರಲ್ಲಿ ಕಣಜ ಅವಳ ಕಿವಿಯನ್ನು ಕಚ್ಚಿತು. ಅವನು 'ಆತು' ಎಂದ ಮೇಲೆ ಅವಳು ಚೀರಿದಳು. ಗುರಪ್ಪ ಇದನ್ನು ಬಂದವರಿಗೆಲ್ಲ ಹೇಳಿ ಹಿಗ್ಗುತ್ತಿದ್ದ. "ಹಿಂಥಾ ಹೆಣ್ಮಗಳು ಸಿಗೂದಿಲ್ರಿ." ಕಿವಿಯನ್ನು ಮುಟ್ಟಿಕೊಂಡು ಅವಳೂ ನಗುತ್ತಿದ್ದಳು.

*

ಕಂಪೌಂಡಿನ ಆಚೆ ಒಂದು ಕಾರು ನಿಂತಿತು. ಮನಗೂಳಿಯ ಸಂಕರ್ಷಣರಾಯರು ಇಳಿದು ಗೋಡೆಯವರೆಗೆ ಬಂದು ನಿಂತರು.

"ಒಳಗ ಬರ್ರಿ," ಎಂದರು ಯಾರೋ.

"ಬರೋ ಹಂಗಿಲ್ಲಪಾ. ಮನ್ಯಾಗ ಹಂದರ ಹಾಕೇವಿ. ಲಗ್ನದ ಮನಿಯವರು ಸಾವಿನ ಮನಿ ಹೊಸ್ತಲಾ ತುಳೀಬಾರದು," ಎಂದರು ರಾಯರು. ಕಂಪೌಂಡು ಹೊಸ್ತಿಲಲ್ಲವೆಂಬ ಭರವಸೆಯಲ್ಲಿ ಎರಡೂ ಕೈಗಳನ್ನು ಗೋಡೆಯ ಮೇಲೂರಿದರು. "ಭಾಳ ಕೆಟ್ಟ ಅನಸ್ತದ ತಂಗೀ. ನನ್ನ ಕೆಲಸಕ್ಕ ಹೋಗಿ ಹಿಂಗಾತು. ರಾತ್ರಿಯಿಂದ ಅನ್ನಾ ಮುಟ್ಟಿಲ್ಲ."

ಕಣ್ಣು ನಿಜವಾಗಿಯೂ ಕೆಂಪಾಗಿದ್ದವು. ಅವರು ಕಣ್ಣೊರೆಸಿಕೊಂಡು, ಗೋಡೆಯ ಮೇಲಿನ ಧೂಳನ್ನು ಬೆರಳಿಂದ ಸರಿಸಿದರು.

"ಹೇಳ್ಲಿಕ್ಕೆ ಬಾಯಿ ಬರೂದಿಲ್ಲ... ಗುರಪ್ಪ ನಿನ್ನೆ ಖಣಿಯಿಂದನ ಫೋನ್ ಮಾಡಿ, ಲಗ್ನಕ್ಕ ಜಾಗಾ ಸಿಕ್ತು ರಾಯರ ಅಂದಿದ್ರು. ನಾವು ಬೀಗರಿಗೆ ತಿಳಿಸಿಬಿಟ್ಟೇವಿ. ಈಗ ಯಾ ಮಂಟಪಾನೂ ಖಾಲಿ ಇಲ್ಲ. ಫೋಟೋ ಏನರ ತಗದಿದ್ರ ಒಮ್ಮೆ ನೋಡಿ ಹೋಗ್ತೇನಿ."

"ಮನಶ್ಯಾ ಸತ್ತ ಜಾಗಾದಾಗ ಲಗ್ನಾ ಮಾಡ್ತೀರೇನ್ರಿ?" ಎಂದಳು ರೇವವ್ವ.

"ಅವರು ಬಿದ್ದದ್ದು ಕೆಳಗ, ಲಗ್ನ ಮ್ಯಾಲಿನ ಬಯಲಾಗ. ಆಚಾರ್ಯರನ್ನ ಕೇಳೇನಿ. ಒಂದು ಶಾಂತಿ ಮಾಡಿಸಿದ್ರ ನಡೀತದ ಅಂದಾರ." ರಾಯರು ದನಿ ತಗ್ಗಿಸಿದರು. "ಅವರದ್ದ ಆಸೆ ಇತ್ತವಾ ಅದು."

ಅದು ಮಾತ್ರ ನಿಜವಾಗಿತ್ತು. "ಅಪ್ಪ ಆರಿಸಿದ ಜಾಗಾ. ಎಲ್ಲಾರೂ ನೋಡ್ಲಿ," ಎಂದು ಕೋಮಲ ಕ್ಯಾಮೆರಾವನ್ನು ಕೊರಳಿಂದ ತೆಗೆದಳು.

ಸಾವಂತ್ರವ್ವ ಎರಡು ಹೆಜ್ಜೆ ಮುಂದೆ ಬಂದು ಪಟ್ಟಿಯನ್ನು ಹಿಡಿದಳು. "ಬ್ಯಾಡ. ನನ್ನ ಕೈಯಾಗ ಕೊಡು. ನಿನ್ನ ಕಾಲ್ ಬೀಳ್ತೇನಿ, ಕೊಡು."

ತಾಯಿ ಮಗಳ ನಡುವೆ ಪಟ್ಟಿ ಬಿಗಿಯಿತು. ನಬಿಲಾಲ ಬಂದು ಇಬ್ಬರ ಕೈಯಿಂದಲೂ ಕ್ಯಾಮೆರಾ ಬಿಡಿಸಿಕೊಂಡ.

"ಕೆಳಗ ಬಿದ್ದೀತು," ಎಂದ. ಅವನಿಗೆ ತಿಳಿದದ್ದು ಅಷ್ಟೇ.

*

"ಛಂದನ ಜಾಗಾ ನೀವ ಆರಿಸ್ರಿ. ನಮ್ಮ ಕೌಸ್ತುಭನ ಲಗ್ನ ಬಯಲಾಗ ಆಗಬೇಕು," ಎಂದು ಸಂಕರ್ಷಣರಾಯರು ಹೇಳಿದಾಗ ಗುರಪ್ಪನ ಕೈಯಲ್ಲಿದ್ದ ಚಹಾ ಆರಿಹೋಗಿತ್ತು. ಜನ ಅವನಿಗೆ ಮುಹೂರ್ತ ಹೇಳುತ್ತಿದ್ದರು, ಹಾಲ್ ಹೇಳುತ್ತಿದ್ದರು, ಎಲ್ಲಿ ನಿಲ್ಲಬೇಕೆಂದೂ ಹೇಳುತ್ತಿದ್ದರು. ಎಲ್ಲಿ ಮಾಡೋಣ ಎಂದು ಕೇಳಿದವರು ಇವರೇ ಮೊದಲು.

ಹೆಂಡತಿಯನ್ನು ಗಾಡಿಯ ಹಿಂದೆ ಕೂರಿಸಿಕೊಂಡು ದಿನವೂ ಹೊರಟ. ಆಲಮಟ್ಟಿ ಹಿನ್ನೀರಿನ ದಂಡೆ ಚೆನ್ನಾಗಿತ್ತು, ಆದರೆ ಅಲ್ಲಿನ ಗಾಳಿಗೆ ಬಾಸಿಂಗ ನೀರಿನ ಆಚೆ ದಡ ಸೇರುತ್ತಿತ್ತು. ಬಾಗೇವಾಡಿಯ ಕಡೆ ಸೂರ್ಯಕಾಂತಿ ಹೊಲ, ಮದುವೆಯ ಹೊತ್ತಿಗೆ ಹೂವೆಲ್ಲ ತಲೆ ಕೆಳಗೆ ಹಾಕಿರುತ್ತವೆ, ನೋಡಿದವರು ಸೂತಕ ಎಂದಾರು. ಇಂಡಿಯ ಲಿಂಬೆ ತೋಟದ ನೆರಳಲ್ಲಿ ಸಾವಂತ್ರವ್ವನ ಮುಖ ಕಾಮಾಲೆ ಹಿಡಿದಂತೆ ಕಂಡಿತು. ಕೊನೆಗೆ ಮುದ್ದೇಬಿಹಾಳದ ಕಡೆ ಯಾರೋ ಹಳೆಯ ಕಲ್ಲಿನ ಖಣಿ ತೋರಿಸಿದರು. ಮೂರು ಕಡೆ ಕಲ್ಲಿನ ಗೋಡೆ, ನಡುವೆ ಸಭಾಮಂಟಪದಷ್ಟು ಅಗಲದ ಹಾಸುಬಂಡೆ, ಬದಿಯಲ್ಲಿ ಹಸಿರು ನೀರು, ನಾಲ್ಕನೆಯ ಕಡೆ ಹುಲ್ಲು.

ಅವಳನ್ನು ಎತ್ತರದ ಕಲ್ಲಿನ ಮೇಲೆ ಕೂರಿಸಿ ಕ್ಯಾಮೆರಾ ಎತ್ತಿದ. ಹನ್ನೆರಡೂವರೆ. ಬಿಸಿಲು ಎರಡೂ ಬದಿಯ ಗೋಡೆಗಳಿಗೆ ಬಡಿದು, ಸೋಸಿದ ಹಾಲಿನಂತೆ ಅವಳ ಮುಖಕ್ಕೆ ಮರಳುತ್ತಿತ್ತು.

"ಸಾವಂತ್ರೀ, ಮೀಸಿ ಇಲ್ಲ!" ಎಂದು ಅವನು ಕೂಗಿದ. ಖಣಿಯ ಗೋಡೆಗಳೂ ಕೂಗಿದವು. ಅಲ್ಲಿಂದಲೇ ರಾಯರಿಗೆ ಫೋನ್ ಮಾಡಿದ. ಮತ್ತೆ ಕ್ಯಾಮೆರಾ ಎತ್ತಿದ. "ಸ್ವಲ್ಪ ನಗು. ಹಾಂ. ಹಂಗ ಇರು."

ಗೋಡೆ, ನೀರು, ಅವಳು, ಮೂರೂ ಒಂದರಲ್ಲೇ ಬರಬೇಕೆಂದು ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು. ಅವನ ಹಿಂದೆ ಎತ್ತರದ ಹುಲ್ಲು. ಹುಲ್ಲಿನ ಆಚೆ ನೆಲವಿಲ್ಲದೆ ಖಣಿ ಇನ್ನೂ ಆಳಕ್ಕೆ ಇಳಿದಿರುವುದು ಎತ್ತರದಲ್ಲಿ ಕೂತ ಅವಳಿಗೆ ಕಾಣುತ್ತಿತ್ತು. ಹೇಳಬೇಕೆಂದು ಅವಳಿಗೆ ಹೊಳೆಯಿತು. 'ಆತು' ಎನ್ನಲಿ, ಹೇಳುತ್ತೇನೆ ಎಂದೂ ಹೊಳೆಯಿತು. ಕ್ಯಾಮೆರಾ ಕ್ಲಿಕ್ ಎಂದಿತು. ಅವನು ಆತು ಎನ್ನಲಿಲ್ಲ.

*

ನಬಿಲಾಲ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯ ಮೇಲೆ ಒಂದೊಂದೇ ಫೋಟೊ ಸರಿಸಿದ. ಕಲ್ಲು, ನೀರು, ಸಾವಂತ್ರವ್ವ. "ಮಗನ, ಏನ್ ಬೆಳಕ ಹಿಡದಿದ್ದೀಯೋ," ಎಂದು ಹೆಣಕ್ಕೇ ಹೇಳಿದ. ಮೂವತ್ತು ವರ್ಷಗಳಲ್ಲಿ ಮೊದಲ ಮೆಚ್ಚುಗೆ.

ಕೊನೆಯದಕ್ಕೆ ಬಂದ. ಕಣ್ಣು ಸ್ಪಷ್ಟವಾಗಿ ಬಂದಿವೆಯೇ ಎಂದು ಕಸುಬಿನ ಅಭ್ಯಾಸದಿಂದ ಅವಳ ಮುಖವನ್ನು ದೊಡ್ಡದು ಮಾಡಿದ. ಸ್ಪಷ್ಟವಾಗಿ ಬಂದಿದ್ದವು. ತುಟಿಯ ಮೇಲೆ ಮದುಮಗಳ ನಗು ಹಾಗೆಯೇ ಇತ್ತು. ಕಣ್ಣು ಮಾತ್ರ ಲೆನ್ಸನ್ನು ನೋಡುತ್ತಿರಲಿಲ್ಲ, ಅದನ್ನು ಹಿಡಿದವನ ಕಾಲ ಹಿಂದಿನ ಹುಲ್ಲನ್ನು ನೋಡುತ್ತಿದ್ದವು.

ನಬಿಲಾಲ ತಲೆಯೆತ್ತಿ ಸಾವಂತ್ರವ್ವನನ್ನು ನೋಡಿದ. ಅವಳು ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು.

"ಏನೋ ಅದು? ತೋರಸು," ಎಂದು ರೇವವ್ವ ಬಗ್ಗಿದಳು.

"ಕೊನೀದು ಕೆಟ್ಟೈತಿ ಯಕ್ಕಾ. ಕಲ್ಲಷ್ಟ ಬಂದೈತಿ, ಅದೂ ಅಲುಗಾಡಿ." ಅವನ ಹೆಬ್ಬೆರಳು ಎರಡು ಸಲ ಗುಂಡಿ ಒತ್ತಿತು. ಆ ಫೋಟೊ ಇನ್ನಿರಲಿಲ್ಲ. ಉಳಿದವನ್ನು ಗೋಡೆಯ ಬಳಿ ಒಯ್ದು ರಾಯರಿಗೆ ತೋರಿಸಿದ.

ರಾಯರು ಕನ್ನಡಕ ಮೇಲೆತ್ತಿ ನೋಡಿದರು. "ಅಬ್ಬಬ್ಬಾ! ಯಾವದೋ ದೇಶ ಇದ್ದಂಗ ಅದ. ಇಲ್ಲೇ ಮಾಡ್ತೇವಿ. ನಬಿಲಾಲ, ಇನ್ನ ಫೋಟೋ ನೀವ ತಗೀಬೇಕು. ಗುರಪ್ಪ ಎಲ್ಲೆಲ್ಲಿ ನಿಂತಿದ್ರೋ ಅಲ್ಲಲ್ಲೇ ನಿಂತು ತಗೀರಿ. ಒಂದೂ ತಪ್ಪಬಾರದು."

"ಹೂಂ," ಎಂದ ನಬಿಲಾಲ. "ಆದ್ರ ಗೋಡಿ ಪೂರ್ತಿ ಬರಬೇಕಂದ್ರ ಇನ್ನೂ ಸ್ವಲ್ಪ ಹಿಂದ—"

"ಅಲ್ಲಿ ನಿಂದ್ರಬ್ಯಾಡ್ರಿ!"

ಸಾವಂತ್ರವ್ವನ ದನಿಗೆ ಗೋಡೆಯ ಮೇಲಿನ ಕಾಗೆ ಹಾರಿತು.

"ಹಿಂದ ಬರೇ ಹುಲ್ಲೈತಿ, ಹುಲ್ಲಿನ ಬುಡಕ ಏನೂ ಇಲ್ಲ. ನಿಂತಾವ್ರಿಗೆ ಕಾಣೂದಿಲ್ಲ. ಮದುಮಗಳು ಕುಂತಲ್ಲಿಂದ ಅಷ್ಟ ಕಾಣ್ತೈತಿ."

ಕೋಮಲ ತಾಯಿಯ ಎದುರಿಗೆ ಬಂದು ನಿಂತಳು.

"ಯವ್ವಾ," ಎಂದಳು ಕೋಮಲ, ಬಹಳ ಮೆಲ್ಲಗೆ. "ತಿರುಗಿ ನಿಂತಿದ್ನಿ ಅಂದೆಲ್ಲ."

"ನಿಂತಿರಲಿಲ್ಲ."

"ನೋಡಿದಿ?"

"ನೋಡಿದ್ನಿ."

"ಮತ್ಯಾಕ ಒದರಲಿಲ್ಲ?"

"ಅವ ಆತು ಅಂದಿರಲಿಲ್ಲ," ಎಂದಳು ಸಾವಂತ್ರವ್ವ. ಹೇಳಿದ ಮೇಲೆ ತಾನು ಹೇಳಿದ್ದು ಯಾರಿಗೂ ಅರ್ಥವಾಗಲಿಲ್ಲವೆಂದು ಅವಳಿಗೆ ತಿಳಿಯಿತು. ಬಿಡಿಸಿ ಹೇಳಿದರೆ ಒಪ್ಪುವಂಥದ್ದೂ ಅದಾಗಿರಲಿಲ್ಲ.

ಸಂಕರ್ಷಣರಾಯರು ಗೋಡೆಯ ಮೇಲಿಂದ ಕೈ ತೆಗೆದರು. "ಬ್ಯಾರೆ ಎಲ್ಲ್ಯರ ನೋಡ್ತೇವಿ," ಎಂದು ಯಾರಿಗೋ ಹೇಳಿದರು. ಕಾರಿನ ಬಾಗಿಲು ಮೆಲ್ಲಗೆ ಮುಚ್ಚಿತು.

"ಹೊತ್ತಾತು. ಫೋಟೋ ಮುಗಸ್ರಿ," ಎಂದ ಮುದುಕ.

ಮನೆಮಂದಿ ಕುರ್ಚಿಯ ಸುತ್ತ ಬಂದು ನಿಂತರು. ಹೆಂಡತಿ ನಿಲ್ಲುವುದು ಬಲಕ್ಕೆ, ಸಾವಂತ್ರವ್ವ ಅಲ್ಲೇ ನಿಂತಳು. ಅವಳ ಪಕ್ಕ ನಿಲ್ಲಬೇಕಾದವರು ಒಬ್ಬೊಬ್ಬರಾಗಿ ಎಡಕ್ಕೆ ಸರಿದರು. ಕೋಮಲ ನಡುವೆ ಒಂದು ಗಳಿಗೆ ನಿಂತು, ಅತ್ತೆಯ ಕೈ ಎಳೆದತ್ತ ಹೋದಳು. ಎಡಗಡೆ ಜನ ಗೋಡೆಯ ತುದಿಯವರೆಗೂ ಒತ್ತಿಕೊಂಡರು.

"ಎಲ್ಲಾರೂ ಬರೂದಿಲ್ಲೋ ನಬಿಲಾಲ. ಹಿಂದಕ್ಕ ಸರಿ," ಎಂದಳು ರೇವವ್ವ.

ನಬಿಲಾಲನ ಹಿಂದೆ ಗೇಟಿನವರೆಗೂ ಸಗಣಿ ಸಾರಿಸಿದ ಸಮ ನೆಲವಿತ್ತು. ಅವನು ಒಮ್ಮೆ ತಿರುಗಿ ಅದನ್ನು ನೋಡಿದ. ಮತ್ತೆ ಮುಂದೆ ತಿರುಗಿ, ಕಾಲು ಅಗಲಿಸಿ ನಿಂತ.

"ಸರೀ ಅಂದ್ರ!"

ಅವನು ಸರಿಯಲಿಲ್ಲ. ಇದ್ದಲ್ಲೇ ನಿಂತು ಎರಡು ತುಂಡು ಮಾಡಿ ತೆಗೆದ. ಮೊದಲನೆಯದರಲ್ಲಿ ಗುರಪ್ಪ ಮತ್ತು ಇಡೀ ಬಳಗ ಬಂದಿತು. ಎರಡನೆಯದರಲ್ಲಿ ಸಾವಂತ್ರವ್ವ, ಅವಳ ಹಿಂದೆ ಬಿಳಿ ಗೋಡೆ, ಮತ್ತು ಅಂಚಿನಲ್ಲಿ ಕುರ್ಚಿಯ ಒಂದು ಕೈ. ಅದರ ಮೇಲೆ ಗುರಪ್ಪನ ನಾಲ್ಕು ಬೆರಳು.