ಪರದೆಯೊಳಗಿನ ಬೆಂಕಿ

ಕಂಪಲಾಪುರದ ಲಿಂಗರಾಜು ಕೀಲಿಮಣೆ ಮುಟ್ಟಿದರೆ ನಾಗರಹೊಳೆಯ ಆನೆಗಳೂ ಸಾಲಾಗಿ ಬಂದು ನಿಲ್ಲುತ್ತಿದ್ದವು. 2006ರಲ್ಲಿ ಅವನು ಅತ್ತೆ ಮಲ್ಲಾಜಮ್ಮನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯೊಳಗೆ ಬಿಸಿ ಅಳೆಯುವ ತಂತಿ ಇಳಿಬಿಟ್ಟು, ಅದನ್ನು ಕಂಪ್ಯೂಟರಿಗೆ ಜೋಡಿಸಿದ. ಒಳಗಿನ ಬಿಸಿಯನ್ನು ವಿಶುವಲ್ ಬೇಸಿಕ್ ಎಂಬ ಸರಳ ಪ್ರೋಗ್ರಾಂ ಭಾಷೆಯಲ್ಲಿ ಬರಿ ಅಂಕಿಯಾಗಿ ತೋರಿಸಬಹುದಿತ್ತು. ಆದರೆ ನಾಲ್ಕು ತಾಲ್ಲೂಕು ಬೆರಗಾಗಬೇಕಲ್ಲ, ಚಿತ್ರಗಳನ್ನು ಕುಣಿಸುವ ಫ್ಲ್ಯಾಶ್ ಎಂಬ ತಂತ್ರಾಂಶ ಆರಿಸಿಕೊಂಡು, ಬಿಸಿಗೆ ತಕ್ಕಂತೆ ಕುಣಿಯುವ ಸಾವಿರ ಜ್ವಾಲೆ ಬರೆದ. ತನ್ನ ಹಳೇ ಕಂಪ್ಯೂಟರಿಗೆ ಅಷ್ಟು ಕುಣಿಸುವ ತ್ರಾಣವಿದೆಯೇ ಎಂದು ಯೋಚಿಸಲಿಲ್ಲ. ಕಂಪ್ಯೂಟರಿನ ಮೇಜನ್ನು ಒಳಗಿನ ಥರ್ಮಾಮೀಟರ್ ನೋಡುವ ಗಾಜಿನ ಕಿಂಡಿಗೇ ಅಡ್ಡವಾಗಿ ಇಟ್ಟ.

ಮಧ್ಯಾಹ್ನ ಮಲ್ಲಾಜಮ್ಮ ಮೂಗರಳಿಸಿದಳು. "ಸೀದ ವಾಸ್ನೆ ಕಣ್ಲಾ."

"ಸ್ಕ್ರೀನ್ ನೋಡು ಅತ್ತೆ, ನೂರೈವತ್ತು ಡಿಗ್ರಿನೇ ಅದೆ."

ಜ್ವಾಲೆಗಳು ತೂಕಡಿಸಿದಂತೆ ಮೆಲ್ಲಗೆ ಆಡುತ್ತಿದ್ದವು. ತೀರಾ ಮೆಲ್ಲಗೆ. ಲಿಂಗರಾಜುವಿನ ಬೆನ್ನಲ್ಲಿ ಬೆವರು ಲಕ್ಷ್ಮಣತೀರ್ಥ ಹೊಳೆಯಂತೆ ಹರಿಯಿತು. ಸಾವಿರ ಜ್ವಾಲೆ ಕುಣಿಸಲಾರದೆ ಕಂಪ್ಯೂಟರ್ ಹಿಂದೆ ಬಿದ್ದಿದ್ದರೆ, ಪರದೆಯ ಮೇಲಿರುವುದು ಯಾವ ಹೊತ್ತಿನ ಬಿಸಿ? ಒಣಗಿದ ಒಂದೇ ಎಲೆ ಒಲೆಯ ಬಿಸಿಯನ್ನು ಒಳಗೆ ಹಾಯಿಸುವ ಕಾದ ಕೊಳವೆಯ ಮೇಲೆ ಉದುರಿದರೆ ಸಾಕು, ಬೆಳೆಯೂ ಬ್ಯಾರನ್ನೂ ಬೂದಿ.

ಮೇಜನ್ನು ಪಕ್ಕಕ್ಕೆಳೆದು ಕಿಂಡಿಗೆ ಕಣ್ಣಿಟ್ಟ. ನೂರ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್; ನೂರರವತ್ತೈದು ದಾಟಬಾರದಿತ್ತು.

"ಸೌದೆ ಎಳಿ ಅತ್ತೆ, ಒಲೆಯಿಂದ ಎಳಿ."

ಇಬ್ಬರೂ ಉರಿಯುವ ಕೊರಡುಗಳನ್ನು ಹೊರಗೆಳೆದರು. ಬಿಸಿ ಇಳಿಯುವಷ್ಟರಲ್ಲಿ ಲಿಂಗರಾಜುವಿಗೆ ನೂರು ವರ್ಷ ವಯಸ್ಸಾಗಿತ್ತು.

"ಬೆಂಕಿ ತೋರ್ಸಾಕೆ ಒಲೆ ಇರ್ನಿಲ್ವೇನ್ಲಾ? ಬಿಸಿ ಎಷ್ಟು ಅಂತ ಯೋಳಿದ್ರೆ ಸಾಕಿತ್ತು ಬುಡು," ಎಂದಳು ಮಲ್ಲಾಜಮ್ಮ.

ಸಂಜೆಗೆ ಅವನು ಜ್ವಾಲೆಗಳನ್ನೆಲ್ಲ ಅಳಿಸಿ ಬರಿ ಅಂಕಿ ಉಳಿಸಿದ. ಆದರೂ ಅಂಕಿ ಬದಲಾದಾಗಲೆಲ್ಲ ಕಿಂಡಿಗೆ ಓಡಿ, ನೋಡಿ ಬರುತ್ತಿದ್ದ.