ಮೂಲೆಗಲ್ಲಿಗೆ ಎರಡು ಮುಖ

ನಲವತ್ತೊಂದು ವರ್ಷದಿಂದ ನಾನು ಸತ್ತವರ ಹೆಸರು ಕೆತ್ತುತ್ತಿದ್ದೇನೆ. ಹೆಸರಿನವರು ಯಾರೂ ಈವರೆಗೆ ಎದ್ದು ಬಂದು ಕಾಗುಣಿತ ತಪ್ಪಿದೆ ಎಂದು ಜಗಳ ತೆಗೆದಿಲ್ಲ. ಬದುಕಿರುವವರ ಹೆಸರು ಕೆತ್ತುವ ಕೆಲಸ ಬಂದದ್ದು ಒಂದೇ ಸಲ. ಅದರಲ್ಲೇ ಊರೆಲ್ಲ ರಾದ್ಧಾಂತವಾಯಿತು.

ಕೆಲಸ ತಂದವನು ನಮ್ಮ ಕೆಲ್‌ಬರ್ನ್ ಊರಿನ ಬೇಸ್‌ಬಾಲ್ ತಂಡದ ವ್ಯವಸ್ಥಾಪಕ ಪ್ರೆಸ್ಕಾಟ್. ಯಾವ ಆಟಗಾರನನ್ನು ತರಬೇಕು, ಯಾರನ್ನು ಬೇರೆ ಊರಿಗೆ ಅಟ್ಟಬೇಕು ಎಂದು ತೀರ್ಮಾನ ಮಾಡುವ ಆಸಾಮಿ. ತಂಡದ ಹೆಸರು ಹೆರನ್ಸ್, ಅಂದರೆ ಕೊಕ್ಕರೆಗಳು. ಚಾಂಪಿಯನ್ ಆಗಿ ಐವತ್ತೆರಡು ವರ್ಷವಾಗಿದೆ. ಒಂಟಿಕಾಲಲ್ಲಿ ನಿಂತು ಕಾಯುವುದು ನಮಗೆ ಹೊಸದೇನಲ್ಲ.

ಮೈದಾನದ ಮುಂದಿನ ಗೇಟಿನ ಪಕ್ಕ ಹೊಸ ಗ್ಯಾಲರಿ ಏಳುತ್ತಿತ್ತು. ಅದರ ಮೂಲೆಗಲ್ಲಿನ ಮೇಲೆ ಟ್ರೆವಿನ್ ಹೇಲ್ ಎಂದು ಕೆತ್ತಬೇಕು ಎಂದ ಪ್ರೆಸ್ಕಾಟ್. ಟ್ರೆವಿನ್‌ಗೆ ಇಪ್ಪತ್ತನಾಲ್ಕು ವರ್ಷ. ಹೊಡೆದರೆ ಚೆಂಡು ನದಿಗೆ ಬೀಳುತ್ತದೆ, ಸುಳ್ಳಲ್ಲ. ಹನ್ನೊಂದು ವರ್ಷಕ್ಕೆ ಕರಾರು ಬರೆದುಕೊಟ್ಟಿದ್ದರು.

"ನೋಡಿ ಹೈರಮ್, ಈ ಟ್ರೆವಿನ್ ನಮ್ಮ ತಂಡದ ಮೂಲೆಗಲ್ಲು. ಇವನ ಮೇಲೆ ಇಡೀ ತಂಡ ಕಟ್ಬಹುದು."

"ಹೋದ ಸಲದ ಮೂಲೆಗಲ್ಲು ಎಲ್ಲಿದಾನೆ ಸಾಹೇಬ್ರೆ?"

"ಕ್ಯಾಲಿಫೋರ್ನಿಯಾದಲ್ಲಿ."

"ಅದರ ಹಿಂದಿನವ?"

"ಅವನಿಗೆ ಮೊಣಕೈ ಆಪರೇಷನ್ ಆಯ್ತಲ್ಲ."

"ಮೂಲೆಗಲ್ಲು ಅಂದ್ರೇನು ಗೊತ್ತಾ ನಿಮಗೆ?"

"ಎಲ್ಲಕ್ಕಿಂತ ಚಂದದ ಕಲ್ಲು" ಎಂದ.

"ಅದು ಬಾಗಿಲ ಮೇಲಿಡೋ ಕಲ್ಲು. ಮೂಲೆಗಲ್ಲು ಎಲ್ಲಕ್ಕಿಂತ ಮೊದಲು ಕೂರೋದು. ಉಳಿದ ಕಲ್ಲೆಲ್ಲ ಅದನ್ನ ನೋಡ್ಕೊಂಡು ನೆಟ್ಟಗೆ ಕೂತ್ಕೋತವೆ. ಕೂತ ಮೇಲೆ ಅಲ್ಲಾಡಬಾರ್ದು. ಅಷ್ಟೇ ಅದರ ಕೆಲಸ."

"ನಾನೂ ಅದನ್ನೇ ಹೇಳಿದ್ದು" ಎಂದ ಮಹಾನುಭಾವ. ಇಂಥವರ ಹತ್ತಿರ ವಾದ ಮಾಡುವುದು ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ. ನಾನು ಕೆಲಸದ ಮಾತಿಗೆ ಬಂದೆ.

"ಮೂಲೆ ಅಂದ ಮೇಲೆ ಎರಡು ಮುಖ ಹೊರಗೆ ಕಾಣ್ತವೆ ಸಾಹೇಬ್ರೆ. ಒಂದರ ಮೇಲೆ ಟ್ರೆವಿನ್. ಇನ್ನೊಂದರ ಮೇಲೆ ಏನು?"

ಅವನ ಫೋನು ಬಡಿದುಕೊಳ್ಳುತ್ತಿತ್ತು. "ಏನೋ ಒಂದು ಹಾಕಿ ಮಾರಾಯ್ರೆ. ಅದನ್ನ ಯಾರು ನೋಡ್ತಾರೆ?"

ನಾನು ಆರ್ಡರ್ ಚೀಟಿಯಲ್ಲಿ "ಇನ್ನೊಂದು ಮುಖ: ಏನೋ ಒಂದು" ಎಂದು ಬರೆದು ಅವನ ಸಹಿ ಹಾಕಿಸಿಕೊಂಡೆ. ಸಹಿಯಿಲ್ಲದೆ ಉಳಿ ಮುಟ್ಟುವವನಲ್ಲ ನಾನು. ಹಿಂದೊಮ್ಮೆ ಒಬ್ಬ ವಿಧವೆ ಬಾಯಿಮಾತಿನಲ್ಲಿ ಮೊದಲನೆಯ ಗಂಡನ ಹೆಸರು ಕೆತ್ತಿಸಿ, ಕಲ್ಲು ನೆಟ್ಟ ಮೇಲೆ ಎರಡನೆಯವನದು ಕೆತ್ತಬೇಕಿತ್ತು ಎಂದಿದ್ದಳು.

ಆ ವಾರ ಸೋಮವಾರ ವೆನ ಬಂದ. ಪೂರ್ತಿ ಹೆಸರು ವೆನಾನ್ಸಿಯೊ ಪೆರಾಲ್ತಾ, ಡೊಮಿನಿಕನ್ ದೇಶದವನು, ನಮ್ಮ ತಂಡದ ಕ್ಯಾಚರ್. ಬ್ಯಾಟ್ ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು, ಪಿಚರ್ ಎಸೆದದ್ದನ್ನೆಲ್ಲ ಹಿಡಿಯುವ ಕೆಲಸ. ಮೂವತ್ತಾರು ವರ್ಷ, ಎರಡು ಮೊಣಕಾಲೂ ಸವೆದಿವೆ. ಅವನು ಹೊಡೆದ ಚೆಂಡು ನದಿಯ ಕಡೆಗೆ ಮುಖವನ್ನೂ ತಿರುಗಿಸುವುದಿಲ್ಲ. ನನ್ನ ಹೆಂಡತಿ ತೀರಿಕೊಂಡಾಗ ಅವಳ ಕಲ್ಲು ನಾನೇ ಕೆತ್ತುತ್ತಿದ್ದೆ. ಏನೋ ವಿಳಾಸ ಕೇಳಲು ಬಂದ ಇವನು ಮಾತಿಲ್ಲದೆ ಸಂಜೆಯವರೆಗೂ ಕೂತುಬಿಟ್ಟ. ಅಂದಿನಿಂದ ರಜೆಯ ಸೋಮವಾರಗಳಲ್ಲಿ ಡೋನಟ್ ಕಟ್ಟಿಸಿಕೊಂಡು ಬಂದು, ಮಾರಾಟವಾಗದ ಒಂದು ಸಮಾಧಿಕಲ್ಲಿನ ಮೇಲೆ ಕೂರುತ್ತಾನೆ. ಅವರ ದೇಶದ ರೀತಿಯಲ್ಲಿ ಹಿರಿಯನೆಂದು ನನ್ನನ್ನು 'ದೋನ್' ಎನ್ನುತ್ತಾನೆ.

ಆ ದಿನ ಡೋನಟ್ ಹಾಗೇ ಇತ್ತು.

"ನನ್ನನ್ನ ಸಿಯಾಟಲ್ ತಂಡಕ್ಕೆ ಕಳಿಸ್ತಾರಂತೆ, ದೋನ್ ಹೈರಮ್. ಇಪ್ಪತ್ತೊಂಬತ್ತನೇ ತಾರೀಕು ಸಂಜೆ. ಕಲ್ಲಿನ ಸಮಾರಂಭ ಮುಗಿದ ಮೇಲೆ."

"ಅದೇನು ಅಷ್ಟು ಆತುರ?"

"ಮೂವತ್ತಕ್ಕೆ ನನ್ನ ಐದು ವರ್ಷ ತುಂಬುತ್ತಲ್ಲ."

ನಮ್ಮಲ್ಲಿ ಬೇಸ್‌ಬಾಲ್ ನೋಡುವ ಮಗುವಿಗೂ ಈ ನಿಯಮ ಗೊತ್ತು. ದೊಡ್ಡ ಲೀಗಿನಲ್ಲಿ ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನನ್ನು ಅವನ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕೊಡುವಂತಿಲ್ಲ. ಅಲ್ಲಿಯವರೆಗೆ ಆಟಗಾರನೆಂದರೆ ಅಂಗಡಿಯ ಸಾಮಾನು. ಬೆಳಗ್ಗೆ ಇಲ್ಲಿ ತಿಂಡಿ ತಿಂದವನು ರಾತ್ರಿ ಇನ್ನೆಲ್ಲೋ ಮಲಗಿರುತ್ತಾನೆ. ವೆನನನ್ನು ಹೀಗೆ ನಾಲ್ಕು ಸಲ ಎತ್ತಿ ಹಾಕಿದ್ದರು, ಒಂದು ಸಲವಂತೂ ಮಗಳು ಹುಟ್ಟಿದ ಮರುದಿನ. ಅವನ ಹತ್ತು ವರ್ಷ ಎಂದೋ ಮುಗಿದಿತ್ತು; ಇಪ್ಪತ್ತೊಂಬತ್ತಕ್ಕೆ ಕಳಿಸಿದರೆ ಐದಕ್ಕೆ ಒಂದೇ ಒಂದು ದಿನ ಕಡಿಮೆ.

"ಒದಾಲಿಸ್ ಏನಂತಾಳೆ?" ಎಂದೆ. ಒದಾಲಿಸ್ ಅವನ ಹೆಂಡತಿ.

"ಹೋದ ಸಲ ಸಾಮಾನು ತುಂಬಿದ ರಟ್ಟಿನ ಪೆಟ್ಟಿಗೆಗಳನ್ನ ಮಡಚಿ ಫ್ರಿಜ್ ಹಿಂದೆ ಇಟ್ಟಿದಾಳೆ, ಐದು ವರ್ಷದಿಂದ. ಮೂವತ್ತನೇ ತಾರೀಕು ಬೆಳಗಾಗ್ಲಿ, ಬಿಸಾಕ್ತೀನಿ ಅಂತಿದ್ಳು." ಡೋನಟ್ ಪೊಟ್ಟಣ ಪಕ್ಕಕ್ಕೆ ಸರಿಸಿದ. "ನೆನ್ನೆ ಹೊರಗೆ ತೆಗೆದು ಧೂಳು ಒರೆಸಿದ್ಳು."

ನನಗೆ ಮೈಯೆಲ್ಲ ಉರಿಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದು ಈ ಪ್ರೆಸ್ಕಾಟನಿಗೇ ಹೇಳಿ ಮಾಡಿಸಿದ ಮಾತು. ಹೊಸ ಪಿಚರ್ ಕೈಕಾಲು ಬಿಟ್ಟಾಗ, ನಲವತ್ತು ಸಾವಿರ ಜನ ಬೊಬ್ಬೆ ಹೊಡೆಯುವಾಗ, ವೆನ ನಿಧಾನವಾಗಿ ಎದ್ದು ಅವನ ಬಳಿ ನಡೆದು ಹೋಗುತ್ತಾನೆ. ಕೈಗವಸು ಬಾಯಿಗೆ ಅಡ್ಡ ಹಿಡಿದು ಏನೋ ಹೇಳುತ್ತಾನೆ. ಪಿಚರ್ ನಗುತ್ತಾನೆ, ಆಮೇಲಿನ ಮೂರು ಎಸೆತ ನೆಟ್ಟಗೆ ಬೀಳುತ್ತವೆ. ಏನು ಹೇಳುತ್ತೀಯೋ ಎಂದು ಒಮ್ಮೆ ಕೇಳಿದ್ದೆ. "ನೆನ್ನೆ ಊಟಕ್ಕೇನು ತಿಂದೆ ಅಂತ ಕೇಳ್ತೀನಿ, ದೋನ್. ಭಯ ಬಿದ್ದವನಿಗೆ ಅದು ನೆನಪಾಗಲ್ಲ. ನೆನಪು ಮಾಡ್ಕೊಳ್ಳೋ ಹೊತ್ತಿಗೆ ಭಯ ಮರೆತಿರುತ್ತೆ."

ಅವನು ಹೋದ ಮೇಲೆ ನಾನು ಕಲ್ಲಿನ ಎರಡನೆಯ ಮುಖ ತಿರುಗಿಸಿಕೊಂಡೆ. ಚೀಟಿಯಲ್ಲಿ ಅಪ್ಪಣೆ ಇತ್ತು: ಏನೋ ಒಂದು. ನಾನು ವೆನಾನ್ಸಿಯೊ ಪೆರಾಲ್ತಾ ಎಂದು ಕೆತ್ತಿದೆ. ಕೆಳಗೆ ಅವನು ನಮ್ಮ ತಂಡಕ್ಕೆ ಬಂದ ವರ್ಷ, ೨೦೧೪. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಕೈಗೆ ನಲವತ್ತೊಂದು ವರ್ಷದ ಚಾಳಿ. ಹೆಸರು, ಇಸವಿ, ಆಮೇಲೆ ಒಂದು ಅಡ್ಡಗೆರೆ. ಉಳಿ ಕೆಳಗಿಟ್ಟ ಮೇಲೆಯೇ ನೋಡಿದ್ದು. ಅಯ್ಯೋ ದೇವರೆ, ಬದುಕಿರುವ ಮನುಷ್ಯನ ಇಸವಿಯ ಮುಂದೆ ಗೆರೆ ಎಳೆದು, ಅದರಾಚೆ ಸಾವಿನ ಇಸವಿಗೆ ಜಾಗ ಬಿಟ್ಟಿದ್ದೆ! ಕಲ್ಲಿಗೆ ರಬ್ಬರು ಇಲ್ಲ. ಅದನ್ನು ಹಾಗೇ ಲಾರಿ ಹತ್ತಿಸಿದೆ.

ಇಪ್ಪತ್ತೊಂಬತ್ತರ ಮಧ್ಯಾಹ್ನ ಕಲ್ಲಿನ ಮೇಲೆ ನೀಲಿ ಬಟ್ಟೆ ಹೊದಿಸಿದ್ದರು. ಟ್ರೆವಿನ್ ಹೆಸರಿನ ಮುಖ ಪತ್ರಿಕೆಯವರ ಕ್ಯಾಮೆರಾಗಳ ಕಡೆಗಿತ್ತು. ಇನ್ನೊಂದು, ಟಿಕೆಟ್ ಹಿಡಿದು ನಿಂತ ಜನರ ಸಾಲಿನ ಕಡೆಗೆ. ತಂಡದ ಒಡತಿ ಮಿಸೆಸ್ ಹಾರ್ಟ್‌ವಿಗ್, ಎಂಬತ್ತಮೂರರ ಮುದುಕಿ, ಬಟ್ಟೆ ಎಳೆದರು. ಕ್ಯಾಮೆರಾಗಳ ಕಡೆಯಿಂದ ಮರ್ಯಾದೆಯ ಚಪ್ಪಾಳೆ ಬಂತು. ಸಾಲಿನ ಕಡೆಯಿಂದ ಯಾರೋ "ವೇ-ನಾ!" ಎಂದು ಕೂಗಿದರು. ನೋಡನೋಡುತ್ತಿದ್ದಂತೆ ಇಡೀ ಸಾಲು ಅದನ್ನೇ ಕೂಗಿತು.

ಪ್ರೆಸ್ಕಾಟ್ ಕಲ್ಲು ಸುತ್ತಿ ಬಂದು ನೋಡಿದ. ಮುಖ ಸುಣ್ಣದ ಗೋಡೆಯಾಯಿತು.

"ಏನ್ರೀ ಇದು?"

"ಏನೋ ಒಂದು" ಎಂದು ಚೀಟಿ ತೋರಿಸಿದೆ.

"ಅದು ಸರಿ, ಈ ಗೆರೆ ಯಾಕೆ? ಅವನೇನು ಸತ್ತಿದಾನಾ?"

ಚಾಳಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಿಸೆಸ್ ಹಾರ್ಟ್‌ವಿಗ್ ಕೋಲೂರಿಕೊಂಡು ಬಂದು ಕನ್ನಡಕ ಏರಿಸಿ ಓದಿದರು.

"ಗೆರೆಯ ಆಚೆ ಖಾಲಿ ಇದೆಯಲ್ಲಪ್ಪ, ಪ್ರೆಸ್ಕಾಟ್."

"ಹೌದು ಮೇಡಂ."

"ಅಂದ್ರೆ ಇನ್ನೂ ಮುಗಿದಿಲ್ಲ ಅಂತ. ಅಷ್ಟೂ ತಿಳಿಯಲ್ವಾ ನಿನಗೆ? ಚೆನ್ನಾಗಿದೆ. ಟ್ರೆವಿನ್‌ದಕ್ಕೆ ಯಾಕೆ ಗೆರೆ ಹಾಕ್ಸಿಲ್ಲ?"

ಟ್ರೆವಿನ್ ಸೂರ್ಯಕಾಂತಿ ಬೀಜ ಅಗಿಯುತ್ತ ಪಕ್ಕದಲ್ಲೇ ನಿಂತಿದ್ದ. ಸಿಪ್ಪೆ ಉಗಿದು, "ನಂಗೂ ಗೆರೆ ಬೇಕು. ಆದ್ರೆ ಮೊದ್ಲು ನಾಕು ವರ್ಷ ನಿಂತು ತೋರಿಸ್ತೀನಿ" ಎಂದ. ಆ ಹುಡುಗನ ಮೇಲಿದ್ದ ನನ್ನ ಸಿಟ್ಟು ಅಲ್ಲೇ ಇಳಿಯಿತು.

ವೆನ ಹೊರಗೆ ಬರಲೇ ಇಲ್ಲ. ಒಳಗೆ ಮೊಣಕಾಲಿಗೆ ಮಂಜುಗಡ್ಡೆ ಕಟ್ಟಿಕೊಂಡು ಕೂತಿದ್ದನಂತೆ. ಆ ಸಂಜೆ ಪ್ರೆಸ್ಕಾಟ್ ಫೋನು ಕೈಯಲ್ಲಿ ಹಿಡಿದು ಅತ್ತಿಂದಿತ್ತ ನಡೆದಾಡಿದ. ಮಧ್ಯಾಹ್ನ ಕಲ್ಲಿನಲ್ಲಿ ಹೆಸರು ಕೆತ್ತಿಸಿ ಸಂಜೆ ಆ ಮನುಷ್ಯನನ್ನೇ ಸಾಗಹಾಕಿದವನು ಎಂದು ಮರುದಿನದ ಪತ್ರಿಕೆಯಲ್ಲಿ ಓದುವ ಧೈರ್ಯ ಅವನಿಗಿರಲಿಲ್ಲ. ಒಡತಿಯ ಮುಂದೆ ನಿಲ್ಲುವ ಧೈರ್ಯವಂತೂ ಇಲ್ಲವೇ ಇಲ್ಲ. ಇಪ್ಪತ್ತೊಂಬತ್ತು ಹೋಯಿತು. ಮೂವತ್ತು ಬಂತು.

ಮೂವತ್ತೊಂದರ ಸಂಜೆಗೆ ಆ ವರ್ಷದ ಆಟಗಾರರ ಅದಲುಬದಲಿನ ಬಾಗಿಲು ಮುಚ್ಚುತ್ತದೆ. ಅಂದು ಮಧ್ಯಾಹ್ನ ವೆನ ನನ್ನ ಅಂಗಡಿಗೆ ಬಂದ. ಎರಡೂ ಕಂಕುಳಲ್ಲಿ ಮಡಚಿದ ರಟ್ಟಿನ ಪೆಟ್ಟಿಗೆಗಳು, ಕೈಯಲ್ಲಿ ಡೋನಟ್ ಪೊಟ್ಟಣ.

"ಒದಾಲಿಸ್ ಕೊಟ್ಟಳು. ನಿಮಗೆ ಕಲ್ಲು ಕಳಿಸುವಾಗ ಕೆಳಗೆ ಹಾಕೋಕೆ ಆಗುತ್ತಂತೆ."

ಪೆಟ್ಟಿಗೆಗಳನ್ನು ಇಳಿಸಿ, ತನ್ನ ಮಾಮೂಲಿ ಕಲ್ಲಿನ ಮೇಲೆ ಕೂತ. ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡ. ಚೆಂಡು ಹಿಡಿದು ಹಿಡಿದು ಆ ಎಡಗೈಯ ಬೆರಳುಗಳು ಸೊಟ್ಟಗಾಗಿವೆ.

"ಪ್ರೆಸ್ಕಾಟ್ ಫೋನ್ ಮಾಡಿದ್ದ, ದೋನ್ ಹೈರಮ್. ಸಿಯಾಟಲ್‌ನವರು ಇನ್ನೂ ಕೇಳ್ತಿದಾರಂತೆ. ನೀನು ಹೋಗ್ತೀಯಾ ಅಂತ ನನ್ನ ಕೇಳಿದ." ಸೊಟ್ಟ ಬೆರಳನ್ನು ತನ್ನ ಎದೆಗೇ ತೋರಿಸಿಕೊಂಡ. "ನನ್ನ ಕೇಳಿದ. ಇಷ್ಟು ವರ್ಷದಲ್ಲಿ ಇದೇ ಮೊದಲು."

"ಏನಂದೆ?"

"ಒಂದು ಗಂಟೆ ಯೋಚ್ನೆ ಮಾಡಿ ಹೇಳ್ತೀನಿ ಅಂದೆ."

ನಾನು ಉಳಿ ಕೆಳಗಿಟ್ಟೆ. "ಯೋಚ್ನೆ ಮಾಡೋಕೆ ಏನಿದೆಯೋ ಅದರಲ್ಲಿ?"

"ಏನೂ ಇಲ್ಲ" ಎಂದು ವೆನ ಡೋನಟ್ ಕೈಗೆತ್ತಿಕೊಂಡ. "ಸ್ವಲ್ಪ ಕಾಯ್ಲಿ ಅಂತ."