ಲಿಂಬೆಹಣ್ಣಿನ ಬಣ್ಣ

"ಬಣ್ಣ ಏನೈತಿ, ಪಂಪವ್ವ?"

"ಇನ್ನೂ ಹಣ್ಣಮೆಣಸಿನಕಾಯಿ ರೀ, ಮಾವಾರ."

ಪಂಪಮ್ಮ ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ. ತೊಗಲಿನ ಆ ಚೀಲ ಉಬ್ಬಿ ಕುಸಿದು ಕುಲುಮೆಗೆ ಗಾಳಿ ಊದುತ್ತಿತ್ತು. ಇದ್ದಿಲ ಕೆಂಡದ ನಡುವೆ ಕೂಡಿಸಿದ ಮಣ್ಣಿನ ಮೂಸೆಯಲ್ಲಿ ಕಂಚು ಕರಗುತ್ತಿತ್ತು. ಹೊರಗೆ ಯಲಬುರ್ಗೆಯ ನಡುಮಧ್ಯಾಹ್ನದ ಬಿಸಿಲು; ಒಳಗೆ ಕತ್ತಲೆ. ಬಾಗಿಲಿಗೆ ಅಗಳಿ, ಇದ್ದೊಂದು ಬೆಳಕಿಂಡಿಗೂ ಗೋಣಿತಟ್ಟು. ಬೆಳಕು ಬಂದರೆ ಬೆಂಕಿಯ ಬಣ್ಣ ತಿಳಿಯುವುದಿಲ್ಲ ಎಂದು ಮಾವ ದ್ಯಾವಪ್ಪ ಕೇಳಿದವರಿಗೆಲ್ಲ ಹೇಳುತ್ತಿದ್ದ. ಅದು ನಿಜವೇ. ಆದರೆ ಅಗಳಿ ಹಾಕುವುದಕ್ಕೆ ಇನ್ನೊಂದು ಕಾರಣವಿತ್ತು. ಅವನಿಗೆ ಕಣ್ಣೇ ಕಾಣುತ್ತಿರಲಿಲ್ಲ.

ನಲವತ್ತು ವರ್ಷ ಕುಲುಮೆಯನ್ನು ದಿಟ್ಟಿಸಿದ ಕಣ್ಣುಗಳು. ಮಗ ಪ್ಲೇಗಿನಲ್ಲಿ ಹೋದ ಮೇಲೆ ಅವು ಬೆಳ್ಳಗಾಗುತ್ತಾ ಬಂದು, ಎರಡು ವರ್ಷದ ಹಿಂದೆ ಪೂರ್ತಿ ಆರಿದವು. ಕುರುಡನಿಗೆ ಗಂಟೆ ಎರಕ ಹೊಯ್ಯಲು ಯಾರು ಕೊಟ್ಟಾರು? ಹೆಂಗಸು ಹೊಯ್ದ ಗಂಟೆಯನ್ನು ಯಾವ ಗುಡಿಯವರು ಕಟ್ಟಿಯಾರು? ಅದಕ್ಕೇ ಅವನು ಸೊಸೆಯನ್ನು ಒಳಗೆ ಕರೆದು ಅಗಳಿ ಹಾಕಿದ. ಹುತ್ತದ ಮಣ್ಣು ಸೋಸುವುದು, ಮೇಣದಲ್ಲಿ ಗಂಟೆಯ ಆಕಾರ ಮಾಡಿ ಮೇಲೆ ಮಣ್ಣು ಮೆತ್ತುವುದು, ಅಚ್ಚು ಸುಟ್ಟು ಮೇಣ ಇಳಿಸುವುದು, ಎಲ್ಲವನ್ನೂ ಅವಳ ಕೈ ಹಿಡಿದು ಕಲಿಸಿದ. ಒಂದು ಒಡೆದರೆ ಇನ್ನೊಂದು ಇರಲಿ ಎಂದು ಯಾವತ್ತೂ ಎರಡು ಅಚ್ಚು ಮಾಡುವುದು ಅವರ ಮನೆಯ ರೂಢಿ. ಬೆಂಕಿಯನ್ನು ಮಾತ್ರ ಕೈ ಹಿಡಿದು ಕಲಿಸಲಾಗದು. ಅದಕ್ಕೆ ತರಕಾರಿ, ಹಣ್ಣಿನ ಹೆಸರು ಹೇಳಿಕೊಟ್ಟ. ಮೊದಲು ಹಣ್ಣಮೆಣಸಿನಕಾಯಿ. ಆಮೇಲೆ ಕೊಯ್ದ ಕುಂಬಳಕಾಯಿ. ಕಡೆಗೆ ಲಿಂಬೆಹಣ್ಣು. ಲಿಂಬೆ ಬಂದಾಗ ಹೊಯ್ಯಬೇಕು. ಅದಕ್ಕಿಂತ ಮೊದಲು ಹೊಯ್ದರೆ ಕಂಚು ಅಚ್ಚಿನ ತುದಿ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ.

ಮುದುಕ ಕೆಟ್ಟವನಲ್ಲ. ಅದೇ ದೊಡ್ಡ ತೊಂದರೆ. ಕೆಟ್ಟವನಾಗಿದ್ದರೆ ಪಂಪಮ್ಮ ಎಂದೋ ಕಿತ್ತುಕೊಂಡು ಹೋಗುತ್ತಿದ್ದಳು.

ಗಂಗಾವತಿಯ ಕನಕಪ್ಪ ಎಂಬವನು ಅವಳನ್ನು ಕೇಳಿದ್ದ. ಹೆಂಡತಿ ಸತ್ತವನು, ನಾಲ್ಕು ವರ್ಷದ ಮಗಳಿದ್ದಳು. ಮಾತಾಡುವಾಗ ನೆಲ ನೋಡುವವನು. ಅವಳಿಗೂ ಮನಸ್ಸಿತ್ತು, ಯಾಕೆ ಮುಚ್ಚಿಡಬೇಕು? ಇಪ್ಪತ್ತಾರು ವರ್ಷದವಳು ಮಸಿ ನುಂಗುತ್ತಾ ಸಾಯಬೇಕೇ? ಅವರ ಮಂದಿಯಲ್ಲಿ ಗಂಡ ಸತ್ತವಳು ಉಡಿಕೆಯಾಗಬಹುದಿತ್ತು. ಹೊಸ ಗಂಡ ಸೀರೆ ಉಡಿಸಿ ಕರೆದೊಯ್ಯಬಹುದಿತ್ತು. ಆದರೆ ಅದಕ್ಕೆ ಮೊದಲು ಸತ್ತ ಗಂಡನ ಮನೆಯ ಹಿರಿಯ ತನ್ನ ಬಾಯಿಂದ "ಹೋಗು" ಅನ್ನಬೇಕು. ಆ ಮಾತಿಲ್ಲದೆ ಹೋದವಳನ್ನು ಕುಲದವರು ಊಟದ ಪಂಕ್ತಿಗೆ ಕೂಡಿಸುತ್ತಿರಲಿಲ್ಲ.

"ಇದೊಂದು ಗಂಟಿ ಆಗ್ಲಿ ತಡಿಯವ್ವಾ," ಅನ್ನುತ್ತಿದ್ದ ದ್ಯಾವಪ್ಪ. ಆ ಗಂಟೆ ಆದ ಮೇಲೆ ಇನ್ನೊಂದು ಗಂಟೆ. ಕನಕಪ್ಪನೂ ಎಷ್ಟು ದಿನ ಕಾದಾನು? ಸೋಮವಾರ ಬಂಡಿ ಕಟ್ಟಿಕೊಂಡು ಬರುತ್ತೇನೆ, ಇದೇ ಕಡೆ ಸಲ ಎಂದು ಹೇಳಿಕಳಿಸಿದ್ದ. ಇಂದು ಶನಿವಾರ.

ಪಂಪಮ್ಮ ರಾತ್ರಿಯೆಲ್ಲ ಯೋಚಿಸಿ ಒಂದು ಹಂಚಿಕೆ ಹಾಕಿದ್ದಳು. ತಾನು ಬಣ್ಣ ತಪ್ಪು ಹೇಳಬೇಕು. ಗಂಟೆ ಕೆಡಬೇಕು. ಇವಳ ಕಣ್ಣು ನಂಬುವ ಹಾಗಿಲ್ಲ ಎಂದು ಮುದುಕನೇ ಬೈದು ಅಟ್ಟಬೇಕು.

"ಬಣ್ಣ?"

ಮೂಸೆಯ ಬಾಯಲ್ಲಿ ಕೊಯ್ದ ಕುಂಬಳಕಾಯಿ. ಇನ್ನೂ ಎಷ್ಟೋ ಊದಬೇಕಿತ್ತು.

"ಲಿಂಬಿ," ಅಂದಳು.

ದ್ಯಾವಪ್ಪ ಬೆಂಕಿಯ ಕಡೆ ಮುಖ ಚಾಚಿದ.

"ಲಿಂಬೀನಾ?"

"ಹೂಂ ರೀ."

"ಹಿಡಿ ಹಂಗಾರ."

ಉದ್ದನೆಯ ಇಕ್ಕಳದ ಒಂದು ತುದಿ ಅವನು, ಇನ್ನೊಂದು ತುದಿ ಅವಳು ಹಿಡಿದು, ನೆಲದಲ್ಲಿ ಹೂತ ಅಚ್ಚಿನ ಬಾಯಿಗೆ ಕಂಚು ಹೊಯ್ದರು. ಬೇರೆ ದಿನ ಅಚ್ಚು ಗಟಗಟನೆ ಕುಡಿಯುತ್ತಿತ್ತು. ಇಂದು ಎರಡು ಗುಟುಕಿಗೇ ಬಾಯಿ ತುಂಬಿ ನಿಂತಿತು.

ಮರುದಿನ ಬೆಳಿಗ್ಗೆ ಗಂಟೆ ನೋಡಲು ದೊಡ್ಡಬಸಪ್ಪಗೌಡ ಬಂದ. ಅವನ ಊರಿನ ಗುಡಿಗೇ ಈ ಗಂಟೆ. ಅಂಗಳದಲ್ಲಿ ಅವನೆದುರೇ ಅಚ್ಚಿನ ಮಣ್ಣು ಒಡೆದರು. ಗಂಟೆಯ ಹೆಗಲ ಹತ್ತಿರ ಅಂಗೈಯಗಲ ತೂತು. ಅಂಚು ಅರ್ಧಕ್ಕೇ ನಿಂತಿತ್ತು. ದ್ಯಾವಪ್ಪ ಅದರ ಸುತ್ತ ಬೆರಳಾಡಿಸಿದ. ತೂತಿನ ಹತ್ತಿರ ಬೆರಳು ನಿಂತಿತು.

"ಏನಪಾ ಇದು!" ಗೌಡ ಸಿಡಿದ. "ಊರ ಹೆಣ್ಮಕ್ಕಳು ಉಣ್ಣೋ ಕಂಚಿನ ತಾಟು ತಗದು ಕೊಟ್ಟಾರ. ಈ ಲಡಾಯಿ ಕಾಲದಾಗ ಕಂಚಿಗೆ ಹಾಕೋ ತವರ ತರೂದು ಎಲ್ಲಿಂದ? ಯಾರ ಕೈಯಾಗ ಕೆಟ್ಟೈತಿ ಇದು?"

ಪಂಪಮ್ಮ ಬಾಗಿಲ ಮರೆಯಿಂದ ಕಿವಿಗೊಟ್ಟಳು. ಈಗ ಹೇಳುತ್ತಾನೆ. ಹೇಳಲಿ.

"ನನ್ನ ಕೈಯಾಗರಿ, ಗೌಡ್ರ," ಅಂದ ದ್ಯಾವಪ್ಪ. "ನನ್ನ ಕಣ್ಣು ಹೋಗ್ಯಾವ. ಎರಡು ವರ್ಷಾತು. ನಿಮಗೆಲ್ಲ ಮುಚ್ಚಿಟ್ಟಿದ್ದೆ."

ಗೌಡನ ಸಿಟ್ಟು ಅಲ್ಲೇ ಇಳಿಯಿತು. ಮುದುಕನ ಮುಖದ ಮುಂದೆ ಕೈಯಾಡಿಸಿ ನೋಡಿದ. ರೆಪ್ಪೆ ಮಿಸುಕಲಿಲ್ಲ.

"ಹುಣ್ಣಿವಿ ತನಕ ನೋಡ್ತೀನಪಾ," ಅಂದ ಕಡೆಗೆ, ಮೆಲ್ಲಗೆ. "ಆಗಲಿಲ್ಲಂದ್ರ ನಮ್ಮ ಕಂಚು ನಮಗ ಕೊಡು. ಗದಗಕ್ಕ ಒಯ್ತೀವಿ."

ಅವನು ಹೋದ ಮೇಲೆ ಪಂಪಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ರೊಟ್ಟಿ ತಂದು ಮಾವನ ಮುಂದಿಟ್ಟು ಅಲ್ಲೇ ಕುಕ್ಕರಿಸಿದಳು.

"ನನ್ನ ಹೆಸರು ಯಾಕ ಹೇಳಲಿಲ್ರಿ?"

"ನೀ ಲಿಂಬಿ ಅಂದಾಗ ಅದು ಕುಂಬಳ ಇತ್ತು," ಅಂದ ದ್ಯಾವಪ್ಪ ರೊಟ್ಟಿ ಮುರಿಯುತ್ತಾ. "ಮಾರಿಗಿ ಝಳ ಬಡೀತೈತಲ್ಲ. ಅಷ್ಟು ತಿಳೀತೈತಿ ನನಗ."

"ತಿಳಿದೂ ಯಾಕ ಹೊಯ್ದ್ರಿ ಮತ್ತ?"

"ಎರಡು ವರ್ಷ ನಿನ್ನ ಮಾತಿನ ಮ್ಯಾಲ ಹೊಯ್ದೀನಿ. ನಿನ್ನಿ ಒಂದಿನ ಹ್ಯಾಂಗ ಅಲ್ಲ ಅನ್ಲಿ?" ತುತ್ತು ಬಾಯಿಗೆ ಹೋಗಲಿಲ್ಲ. "ತಪ್ಪು ನಂದೂ ಐತಿ, ಪಂಪವ್ವ. ಕಟ್ಟಿ ಹಾಕಿದಂಗ ಮಾಡಿದೆ. ಹೋಗು. ನೋಡು, ಅಂದೀನಿ. ನಾಳಿ ಅಂವಾ ಬಂದ್ರ ಹೋಗು."

ಇಷ್ಟು ದಿನ ಕಾದ ಮಾತು. ಅದು ಕಿವಿಗೆ ಬಿದ್ದಾಗ ಕುಣಿಯುವಷ್ಟು ಖುಷಿಯಾಗಬೇಕಿತ್ತು. ಪಂಪಮ್ಮನಿಗೆ ಬಂದದ್ದು ಸಿಟ್ಟು, ಕೆಂಡದಂಥ ಸಿಟ್ಟು. ಬೈದು ಅಟ್ಟಿದ್ದರೆ ಏನು ಹೋಗುತ್ತಿತ್ತು ಈ ಮುದುಕನ ಗಂಟು?

ಸೋಮವಾರ ಹೊತ್ತು ಮೇಲೇರುವ ಹೊತ್ತಿಗೆ ಕನಕಪ್ಪನ ಬಂಡಿ ಓಣಿಯ ತುದಿಗೆ ಬಂದು ನಿಂತಿತು. ಪಂಪಮ್ಮ ಎರಡು ಸೀರೆ, ಒಂದು ಬಾಚಣಿಗೆ ಗಂಟು ಕಟ್ಟಿದಳು. ಮಾವನ ಕಾಲು ಮುಟ್ಟಿ ಹೋಗೋಣ ಎಂದು ಕಟ್ಟೆಗೆ ಬಂದರೆ ಅವನಿರಲಿಲ್ಲ. ಕುಲುಮೆಯ ಮನೆಯಿಂದ ತಿದಿಯ ಸದ್ದು ಬರುತ್ತಿತ್ತು.

ಬಾಗಿಲು ತೆರೆದಿತ್ತು. ಇನ್ನು ಮುಚ್ಚಿಡುವುದು ಏನಿದೆ? ಎರಡನೆಯ ಅಚ್ಚನ್ನು ಮುದುಕ ತಾನೇ ತಡಕಾಡಿ ಸುಟ್ಟು ಹೂತಿದ್ದ. ಒಂದು ಕಡೆ ಓರೆಯಾಗಿತ್ತು. ಕೆಟ್ಟ ಗಂಟೆಯನ್ನು ಒಡೆದ ಚೂರುಗಳು ಮೂಸೆಯಲ್ಲಿದ್ದವು. ಒಂದು ಕೈಯಲ್ಲಿ ತಿದಿ ಒತ್ತುತ್ತಾ ಇನ್ನೊಂದು ಕೈಯಲ್ಲಿ ಇದ್ದಿಲು ಹುಡುಕುತ್ತಿದ್ದ. ಮುಂಗೈ ಮೇಲೆ ಆಗಲೇ ಬೊಬ್ಬೆ ಎದ್ದಿತ್ತು. ಅವಳು ಬಂದದ್ದು ಅವನಿಗೆ ತಿಳಿಯಲಿಲ್ಲ.

"ಬಣ್ಣ ಏನೈತಿ?" ಅಂದ.

ಅಂದವನೇ, "ಥತ್!" ಎಂದು ನಾಲಿಗೆ ಕಚ್ಚಿಕೊಂಡ. ಆಮೇಲೆ ಮುಖವನ್ನು ಮೂಸೆಯ ಹತ್ತಿರ ಒಯ್ದ. ಇನ್ನೂ ಹತ್ತಿರ. ಹುಬ್ಬಿನ ಕೂದಲು ಚುರ್ರೆಂದಿತು.

ಓಣಿಯ ತುದಿಯಲ್ಲಿ ಕನಕಪ್ಪ ಎತ್ತುಗಳಿಗೆ ಏನೋ ಹೇಳುತ್ತಿದ್ದ. ಪಂಪಮ್ಮ ಹೊಸ್ತಿಲ ಮೇಲೆ ನಿಂತು ಮೂಸೆಯನ್ನು ನೋಡಿದಳು. ಬೆಳಕಿಗೆ ಏನೂ ತಿಳಿಯಲಿಲ್ಲ. ಗಂಟನ್ನು ಹೊರಗೆ ಕಟ್ಟೆಯ ಮೇಲಿಟ್ಟು ಒಳಗೆ ಬಂದು, ಬಾಗಿಲು ಎಳೆದು ಅಗಳಿ ಹಾಕಿದಳು. ಕತ್ತಲಲ್ಲಿ ಮೂಸೆಯ ಬಣ್ಣ ಕಂಡಿತು.

"ಹಣ್ಣಮೆಣಸಿನಕಾಯಿ ರೀ, ಮಾವಾರ," ಅಂದಳು.